ಜೋಡಿ ಗೂಡು

ಕುದುರೆಗಳು ಏದುಸಿರು ಬಿಡುತ್ತ ಎಳೆದು ತಂದ ಹೋವಿಟ್ಜರ್ ತೋಪನ್ನು ಸೈನಿಕರು ಇಸೊಳ ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ರೇಷ್ಮೆ ಹುಳುಮನೆಗೆ ಕೂಗಳತೆಯಲ್ಲೇ ನಿಲ್ಲಿಸಿದರು. ಮೋಟು ಕೊಳವೆ ಫುಜಿ ಬೆಟ್ಟದತ್ತ ಮೂತಿ ಎತ್ತಿಕೊಂಡಿತ್ತು. ಬೆಳಿಗ್ಗೆ ತಾಲೀಮು ಇದೆ, ಗುಂಡು ಹಾರಿಸುತ್ತೇವೆ ಎಂದು ಹವಾಲ್ದಾರ ಸುಗೆನೊ ಬಾಗಿಲಿಗೆ ಬಂದು ಟೋಪಿ ತೆಗೆದು ಹೇಳಿದ.

ಇಸೊ ಹುಳುಮನೆಯತ್ತ ತಿರುಗಿ ನೋಡಿದಳು. ಹುಳುಗಳು ಅಂದೇ ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಹುಲ್ಲಿನ ತಟ್ಟೆ, ಚಂದ್ರಿಕೆ, ಹತ್ತಿ ನೂಲು ಬಿಡತೊಡಗಿದ್ದವು. ಗುಡುಗಿದರೂ ನೂಲು ನಿಲ್ಲಿಸಿ ತಲೆ ಎತ್ತಿ ಕೂತುಬಿಡುವ ಜಾತಿ ಅದು. ವಸಂತದ ಬೆಳೆ ರೋಗಕ್ಕೆ ಹೋಗಿತ್ತು. ಇದೂ ಕೈಕೊಟ್ಟರೆ ಮಗಳು ಕಿನುವನ್ನು ಬೆಟ್ಟದಾಚೆಯ ನೂಲಿನ ಗಿರಣಿಗೆ ಕಳಿಸುವುದೆಂದು ಮನೆಯ ಹಿರಿತನ ಹೊತ್ತ ಮೈದುನ ಅಲ್ಲಿಯವರಿಗೆ ಮಾತು ಕೊಟ್ಟಾಗಿತ್ತು. ಅಲ್ಲಿಂದ ಕೆಮ್ಮುತ್ತ ಮರಳಿದ ಪಕ್ಕದ ಮನೆಯ ಹುಡುಗಿ ಆ ಚಳಿಗಾಲ ದಾಟಿರಲಿಲ್ಲ.

"ಎರಡು ದಿನ ತಡೀರಿ, ಹವಾಲ್ದಾರ್ರೇ. ಗೂಡು ಕಟ್ಟಿ ಮುಗಿಸ್ಬಿಡ್ತವೆ."

"ನನ್ನ ಕೈಲಿದ್ದಿದ್ರೆ ತಡೀತಿದ್ದೆ, ಅಮ್ಮಾ. ನಮ್ಮನೇಲೂ ಹುಳ ಸಾಕ್ತಾರೆ. ಸಾಹೇಬ್ರನ್ನ ಕೇಳಿ ನೋಡ್ತೀನಿ."

ಕೇಳಿದ. ತೋಪಿನ ಜಾಗ ನಕಾಶೆಯಲ್ಲಿದೆ, ಹುಳುಗಳು ಇಲ್ಲವಲ್ಲ ಎಂದು ಸಾಹೇಬರು ನಕ್ಕರಂತೆ.

ಬೆಳಿಗ್ಗೆ ನೋಡಿದರೆ ತೋಟವೂ ಇಲ್ಲ, ಕುದುರೆಗಳೂ ಇಲ್ಲ. ಎಲ್ಲವನ್ನೂ ಮಂಜು ನುಂಗಿತ್ತು. ತೋಪು ಮಾತ್ರ ಮಲಗಿದ ಎತ್ತಿನ ಹಾಗೆ ಮಸುಕಾಗಿ ಕಾಣುತ್ತಿತ್ತು. ಗುರಿಯ ಬಾವುಟ ಕಾಣದೆ ಗುಂಡು ಹಾರಿಸುವ ಹಾಗಿಲ್ಲ. ಸುಗೆನೊ ಜಗಲಿಯಲ್ಲಿ ಕೂತು, ಇಸೊ ಕೊಟ್ಟ ಬಾರ್ಲಿ ಅನ್ನ ತಿಂದ. ಗುಡುಗುವಾಗ ತನ್ನ ತಾಯಿ ಚಂದ್ರಿಕೆಯ ಮೇಲೆ ಅಂಗೈ ಇಟ್ಟು ಗುನುಗುತ್ತಿದ್ದಳೆಂದು ಮೆಲ್ಲಗೆ ಹೇಳಿದ. ಒಳಗೆ ಹುಳುಗಳು ತಲೆಯಾಡಿಸುತ್ತ ಬಿಳಿ ಎಳೆ ಸುತ್ತುತ್ತಿದ್ದವು. ಮಂಜು ಹೊರಗಿನಿಂದ ಒಳಗೆ ಬರುತ್ತಿದೆಯೋ, ಒಳಗಿನ ಎಳೆಯೇ ಹೊರಗೆ ಹರಿದು ಬೆಟ್ಟವನ್ನು ಮುಚ್ಚುತ್ತಿದೆಯೋ ಇಸೊಗೆ ತಿಳಿಯದಾಯಿತು. ಕಿನು ನೀರೊಳಗೆ ನಡೆಯುವವಳಂತೆ ಚಂದ್ರಿಕೆ ಸಾಲುಗಳ ನಡುವೆ ಓಡಾಡುತ್ತಿದ್ದಳು.

ಮಧ್ಯಾಹ್ನ ಮಂಜು ಸೀಳಿತು. ಹೊರಗಿನಿಂದ ಕೂಗು ಬಂತು. ಸುಗೆನೊ ಎದ್ದು, "ಕೈ ಇಟ್ಕೊಂಡಿರಿ, ಅಮ್ಮಾ" ಎಂದು ಹೊರಟುಹೋದ.

ನೆಲ ಎದ್ದು ಕೂತಿತು. ಬಾಗಿಲ ಚೌಕಟ್ಟಿಗೆ ಅಂಟಿಸಿದ ಕಾಗದ ಪರ್ರನೆ ಹರಿಯಿತು. ಹುಳುಗಳೆಲ್ಲ ಒಟ್ಟಿಗೆ ತಲೆ ಎತ್ತಿ ಹಾಗೇ ನಿಂತವು. ಬಾಯಿಂದ ಎಳೆ ಜೋತಾಡುತ್ತಿತ್ತು. ತಾಯಿ ಮಗಳು ಚಂದ್ರಿಕೆಗಳ ಮೇಲೆ ಅಂಗೈ ಊರಿ ಗುನುಗಿದರು. ತೋಪು ಮತ್ತೆ ಗುಡುಗಿತು, ಮತ್ತೆ. ಕಣ್ಣು ಮುಚ್ಚಿದ ಇಸೊಗೆ ಮನೆ ದೋಣಿಯಾಗಿ ಎತ್ತಲೋ ತೇಲಿಹೋದಂತಾಯಿತು. ಸದ್ದು ನಿಂತ ಮೇಲೂ ಎಷ್ಟೋ ಹೊತ್ತು ಯಾವ ಹುಳುವೂ ಅಲುಗಲಿಲ್ಲ. ಆಮೇಲೆ ಒಂದು ತಲೆ ತಗ್ಗಿಸಿತು, ಇನ್ನೊಂದು ಜಾಗ ಬಿಟ್ಟು ತೆವಳಿತು.

ತಾಲೀಮು ಮುಗಿದು ಎರಡು ದಿನಕ್ಕೆ, ತೋಪಿಗೆ ಕುದುರೆ ಹೂಡುವಾಗ ಸುಗೆನೊ ಬಂದ. ಅವನ ಕಿವಿ ಇನ್ನೂ ಗುಂಯ್ಗುಡುತ್ತಿತ್ತು. ಕಿನು ಚಂದ್ರಿಕೆ ಮುಂದಿಟ್ಟಳು. ಅರ್ಧಕ್ಕರ್ಧ ಜೋಡಿ ಗೂಡು. ಎರಡೆರಡು ಹುಳು ಒಂದೇ ಗೂಡಿನಲ್ಲಿ. ಎಳೆ ಸಿಕ್ಕಾಗುವ ಇಂಥವನ್ನು ಗಿರಣಿಯವರು ಮುಟ್ಟುವುದಿಲ್ಲ. ಮನೆಯಲ್ಲೇ ಬೇಯಿಸಿ, ಇಬ್ಬರು ಕೂತು ಕೈಯಲ್ಲಿ ಹಿಂಜಿ ಮಾರಬೇಕು. ಚಳಿಗಾಲವಿಡೀ ಕೆಲಸವಿದೆ, ಕಿನು ಎಲ್ಲಿಗೂ ಹೋಗುವುದಿಲ್ಲ ಎಂದು ಇಸೊ ಮೈದುನನಿಗೆ ಖಡಾಖಂಡಿತ ಹೇಳಿಬಿಟ್ಟಿದ್ದಳು.

"ಇಷ್ಟೊಂದು ಜೋಡಿ ಹೇಗಾದ್ವು?" ಸುಗೆನೊ ಕೇಳಿದ.

ಇಸೊ ಅವನ ಕಿವಿಯ ಹತ್ತಿರ ಬಾಗಿದಳು.

"ಹೆದರಿದ್ವಲ್ಲಪ್ಪ. ಒಂದನ್ನೊಂದು ಹುಡುಕ್ಕೊಂಡು ಹೋದ್ವು."