ಗ್ರಹಣದ ಪಾಠ

ಖಗೋಳ ಬೋಧನೆಯ ಕಾರ್ಯಾಗಾರದಲ್ಲಿ ವಿನೋದಾ ಟೀಚರ್ ಚೆಂಡು, ಟಾರ್ಚು ಹಿಡಿದು ಸೂರ್ಯಗ್ರಹಣ ವಿವರಿಸಿದ ರೀತಿಗೆ ತರಬೇತಿ ಕೊಡುತ್ತಿದ್ದ ನಂಜುಂಡಯ್ಯನವರೇ ತಲೆದೂಗಿದ್ದರು. ಮರುದಿನ ನಿಜವಾದ ಗ್ರಹಣ ಹಿಡಿದಾಗ ಶಿಕ್ಷಕರೆಲ್ಲ ಗ್ರಹಣದ ಕನ್ನಡಕ ಹಾಕಿಕೊಂಡು ಅಂಗಳಕ್ಕಿಳಿದರು. ಆಕೆ ಮಾತ್ರ ಕಿಟಕಿ ಮುಚ್ಚಿಕೊಂಡು ಒಳಗೇ ಕುಳಿತಿದ್ದರು. ನಂಜುಂಡಯ್ಯನವರಿಗೆ ರೇಗಿತು.

“ಏನ್ ಮೇಡಂ, ನಿನ್ನೆ ಅಷ್ಟು ಚೆನ್ನಾಗಿ ಹೇಳಿದ್ರಿ. ಅದು ಬರೀ ನೆರಳು ಅಂತ ನೀವೇ ನಂಬಲ್ವಾ?”

“ನಂಬ್ತೀನಿ ಸರ್. ಮಕ್ಕಳಿಗೂ ಹಾಗೇ ಹೇಳ್ಕೊಡ್ತೀನಿ.”

“ಮತ್ತೆ ಬನ್ನಿ. ನಿಮ್ಮನೆಯವರು ಯಾರೂ ಇಲ್ಲಿಲ್ಲ. ಯಾರ ಭಯ?”

ಆಕೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು.

“ನಂಗೀಗ ಮೂರು ತಿಂಗಳು ಸರ್. ಹಿಂದಿನ ಎರಡೂ ನಿಲ್ಲಲಿಲ್ಲ. ಇದಕ್ಕೂ ಏನಾದ್ರೂ ಆದ್ರೆ, ಯಾಕೆ ಹೊರಗೆ ಹೋದೆ ಅಂತ ಮೊದಲು ಕೇಳೋಳು ನಾನೇ.”