ಕೊನೆಯ ಪುಟದ ಚಿತ್ರ

ಬಿತ್ತನೆಗೆ ಸೇಂಗಾ ಸುಲಿಯುವ ದಿನಗಳು. ಪಡಸಾಲೆಯಲ್ಲಿ ಕೂತ ಹೆಂಗಸರಿಗೆಲ್ಲ ತಲೆಗೊಂದು ಬುಟ್ಟಿ. ಶಿವಲೀಲಾ ಮಾತ್ರ ಕಾದಂಬರಿ ಓದಿ ಹೇಳಬೇಕು. ಕಥೆ ರುಚಿಸಿದರೆ ಅವಳ ಬುಟ್ಟಿಯನ್ನು ಉಳಿದವರು ಸುಲಿಯುತ್ತಾರೆ; ಬೇಸರ ತಂದರೆ ಎಲ್ಲರ ಬುಟ್ಟಿಯೂ ಅವಳ ಪಾಲಿಗೆ.

ಊರಿನ ರಕ್ತ ಹೀರುವ ಪಿಶಾಚಿ ಯಾರು ಎಂಬ ಕಾದಂಬರಿ ಮೊದಮೊದಲು ಮೈ ಜುಮ್ಮೆನಿಸಿತು. ಆಮೇಲೆ ಬರೆದವನ ಕೈ ಸೋತಿತು. ಪಿಶಾಚಿ ಅಂಚೆಯವನೆಂದು ನಡುವಿನಲ್ಲೇ ಬಾಯಿಬಿಟ್ಟಿದ್ದ; ಮುಂದೆ ಪುಟಗಟ್ಟಲೆ ಆ ಅಂಚೆಯವನ ಅಳು. ಶಿವಲೀಲಾ ಅದನ್ನು ಓದದೆ, ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ, ಕಾದಂಬರಿಯ ಗೌಡರ ಮನೆಯತ್ತ ಸಂಶಯ ತಿರುಗಿಸುತ್ತ ತನ್ನದೇ ಕಥೆ ಹೆಣೆಯತೊಡಗಿದಳು.

“ಯಾರಂತ ಲಗೂನ ಹೇಳವಾ, ಜೀವ ಹೊಂಟತಿ!”

“ಗೌಡರ ಮನೀ ಅತ್ತಿ!”

ಹೆಂಗಸರು ಹೋ ಎಂದು ಕಿರುಚಿ, ಬಿದ್ದು ಬಿದ್ದು ನಕ್ಕು, ಸಿಪ್ಪೆ ತೂರಿದರು. “ನಾ ಮೊದಲ ಅಂದಿದ್ದೆ, ಅತ್ತೀನ ಅಂತ!”

ಶಿವಲೀಲಾಳ ಅತ್ತೆ ಫಕೀರವ್ವ ನಗಲಿಲ್ಲ. ಓದು ಬಾರದ ಆಕೆ ಪುಸ್ತಕ ಕಸಿದುಕೊಂಡು ಕೊನೆಯ ಪುಟ ತೆರೆದಳು. ಅಲ್ಲೊಂದು ಚಿತ್ರವಿತ್ತು: ಹೆಗಲಲ್ಲಿ ಅಂಚೆಚೀಲ, ಬಾಯಲ್ಲಿ ಕೋರೆಹಲ್ಲು. ಶಿವಲೀಲಾ ಉಳಿದವರ ಬುಟ್ಟಿಗಳತ್ತ ಕಣ್ಣು ಹಾಯಿಸಿದಳು.

ಫಕೀರವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯ ಬುಟ್ಟಿಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

“ಈ ಚಿತ್ರಾ ತಗದಾಂವ ಕಥೀನ ಓದಿಲ್ಲ ನೋಡ್ರೆವಾ!”