ಮೇಲಿನ ಮನೆಯ ಬಟ್ಟಲು

ಮನೆಗಳನ್ನು ಗಾಳಿಪಟದಂತೆ ಹಗ್ಗ ಕಟ್ಟಿ ತೇಲಿಬಿಡುವ ಕಾಲ ಬಂದರೂ ಸರ್ವಮಂಗಳಮ್ಮನವರ ಸಂಡಿಗೆ ಒಣಗಲು ಬಿಸಿಲೇ ಬೇಕಿತ್ತು. ಅವರ ಬೀದಿಯ ಮೇಲೆ ನಲವತ್ತು ಮನೆ ತೇಲಿಬಿಡಲು ಬಿಲ್ಡರ್ ಹೊರಟಾಗ, ತಾರಸಿಯ ಸಭೆಯಲ್ಲಿ ಮೊದಲು ಎದ್ದುನಿಂತವರು ಅವರೇ.

"ನಮ್ಮ ಬಿಸಿಲಿಗೆ ಅಡ್ಡ ಬಂದ್ರೆ ಹಗ್ಗ ಕತ್ತರಿಸಿಬಿಡ್ತೀನಿ."

ಅಷ್ಟರಲ್ಲಿ, ಮಾದರಿಗೆಂದು ಆಗಲೇ ತೇಲಿಬಿಟ್ಟಿದ್ದ ಮನೆಯ ಕಿಟಕಿಯಿಂದ ದಾರ ಕಟ್ಟಿದ ಬಟ್ಟಲೊಂದು ಇಳಿಯಿತು.

"ಹೊಸದಾಗಿ ಬಂದಿದೀವಮ್ಮ. ಗಸಗಸೆ ಪಾಯಸ ಮಾಡಿದ್ದೆ," ಎಂದಳು ಮೇಲಿನ ಹೆಂಗಸು.

ಸರ್ವಮಂಗಳಮ್ಮ ಪಾಯಸ ಕುಡಿದು ಬಟ್ಟಲು ತೊಳೆದರು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದುಂಟೇ? ಸಂಡಿಗೆ ತುಂಬಿ ಕಳಿಸಿದರು. ಸ್ವಲ್ಪ ಹೊತ್ತಿಗೆ ಅದೇ ಬಟ್ಟಲು ಕೋಸಂಬರಿ ಹೊತ್ತು ಇಳಿಯಿತು.

"ಹಗ್ಗ ಯಾವಾಗ ಕತ್ತರಿಸೋದು, ಮಂಗಳಕ್ಕ?" ಪಕ್ಕದ ಮನೆಯ ಚನ್ನಬಸಪ್ಪ ಕೇಳಿದರು.

"ಸ್ವಲ್ಪ ತಡೀರಿ. ಬಟ್ಟಲು ಈಗ ನಮ್ಮ ಹತ್ರ ಇದೆಯಲ್ಲ."